ಆ ರಾತ್ರಿ ನಾನು ಅಲ್ಲಿರ್ಲಿಲ್ಲ: ನನ್ನ ಬರಹ ನಾನೇ ತಿದ್ದಿದ ಅನುಭವ

ಅಪ್ಪ ತೀರಿಕೊಂಡು ಆರು ವರ್ಷ ಆದ್ಮೇಲೆ ಅವರ ಕೊನೇ ದಿನಗಳ ಬಗ್ಗೆ ಒಂದು ಬರಹ ಬರೆದು ಆನ್‌ಲೈನಲ್ಲಿ ಹಾಕಿದ್ದೆ. ಅಲ್ಲಿವರೆಗೆ ನಾನು ಬರೆದಿದ್ದರಲ್ಲೆಲ್ಲ ಹೆಚ್ಚು ಜನ ಓದಿದ್ದು ಅದನ್ನೇ. ಆಸ್ಪತ್ರೆ ವಾರ್ಡಲ್ಲಿ ರಾತ್ರಿ ಎರಡು ಗಂಟೆ ಹೊತ್ತಿಗೆ ಅಪ್ಪ ಕಣ್ಣು ಬಿಟ್ಟಿದ್ದು, ನನ್ನ ಕೈ ಹಿಡ್ಕೊಂಡು ಕಿಟಕಿ ಮುಚ್ಚು ಅಂದಿದ್ದು, ಕಿಟಕಿ ಆಗ್ಲೇ ಮುಚ್ಚಿದ್ರೂ ಹಾಗಂತ ಹೇಳದೆ ನಾನು ಎದ್ದು ಹೋಗಿ ಮುಚ್ಚಿದ ಹಾಗೆ ಮಾಡಿ ಬಂದಿದ್ದು, ಅವ್ರು ಸಮಾಧಾನವಾಗಿ ಮತ್ತೆ ಕಣ್ಣು ಮುಚ್ಚಿದ್ದು. ಇದೇ ಆ ಬರಹದ ಜೀವ. ಓದಿದ ಎಷ್ಟೋ ಜನ ತಮ್ಮ ಅಪ್ಪ ಅಮ್ಮನ ಕೊನೇ ರಾತ್ರಿಗಳ ಬಗ್ಗೆ ನಂಗೆ ಬರೆದ್ರು, ಒಬ್ರಂತೂ ಓದ್ತಾ ಓದ್ತಾ ಎದ್ದು ಹೋಗಿ ಮಲಗಿದ್ದ ಅಪ್ಪನ ಹತ್ರ ಸ್ವಲ್ಪ ಹೊತ್ತು ಕೂತು ಬಂದೆ ಅಂತ ಬರೆದಿದ್ರು.

ಅಕ್ಕನೂ ಓದಿದ್ಲು. ಏನೂ ಹೇಳ್ಲಿಲ್ಲ. ಹೆಚ್ಚು ಕಮ್ಮಿ ಒಂದು ವರ್ಷ ಕಳೆದ ಮೇಲೆ ಒಂದಿನ ಫೋನಲ್ಲಿ ಬೇರೆ ಏನೋ ಮಾತಾಡ್ತಾ ಇದ್ವಿ, ಮಾತು ಅಪ್ಪನ ಕಡೆ ತಿರುಗ್ತು, ಆಗ ಅಂದ್ಲು, "ಆ ರಾತ್ರಿ ನೀನು ಅಲ್ಲಿರ್ಲಿಲ್ಲ ಕಣೋ. ಕಿಟಕಿ ಮುಚ್ಚೋಕೆ ಎದ್ದಿದ್ದು ನಾನು."

ಜಗಳದ ದನಿ ಅಲ್ಲ ಅದು. ಅದಕ್ಕೇ ಇನ್ನೂ ಕಷ್ಟ ಆಯ್ತು. ನಾನು ವಾದ ಮಾಡ್ದೆ, ಇಲ್ಲಕ್ಕ ನಂಗೆ ಚೆನ್ನಾಗಿ ನೆನಪಿದೆ, ಅಪ್ಪನ ಕೈ ತಣ್ಣಗಿತ್ತು, ಕಿಟಕಿಯ ಚಿಲಕ ಸ್ವಲ್ಪ ಬಿಗಿ ಇತ್ತು, ಅದು ಕೂಡ ನೆನಪಿದೆ ಅಂದೆ. ಅವಳು ಸರಿ ಬಿಡು ಅಂದ್ಲು. ಫೋನ್ ಇಟ್ಟ ಮೇಲೆ ನಾನು ಹಳೇ ಇಮೇಲ್ ಹುಡುಕೋಕೆ ಕೂತೆ, ಅವಳು ತಪ್ಪು ಅಂತ ತೋರಿಸೋಕೇ ಕೂತಿದ್ದು ಅಂತ ಒಪ್ಕೋಬೇಕು. ಸಿಕ್ಕಿದ್ದು ನನ್ನ ಪ್ರಯಾಣದ ಟಿಕೆಟ್. ನಾನು ಅಲ್ಲಿಗೆ ಮುಟ್ಟಿದ್ದು ಮಾರನೇ ದಿನ ಮಧ್ಯಾಹ್ನ. ಹಳೇ ಫೋನಿನ ಬ್ಯಾಕಪ್ಪಲ್ಲಿ ಆ ಬೆಳಗಿನ ಜಾವ ಅಕ್ಕ ಕಳಿಸಿದ್ದ ಮೆಸೇಜೂ ಸಿಕ್ತು, "ರಾತ್ರಿ ಎಚ್ಚರ ಆಗಿದ್ರು, ಕಿಟಕಿ ಮುಚ್ಚು ಅಂದ್ರು, ಮುಚ್ಚಿದ ಹಾಗೆ ಮಾಡ್ದೆ, ಮಲಗಿದ್ರು" ಅಂತ. ಅವಳ ನಾಲ್ಕು ಮಾತನ್ನ ನಾನು ಆರು ವರ್ಷ ಒಳಗೆ ಇಟ್ಕೊಂಡು ನನ್ನದೇ ಮಾಡ್ಕೊಂಡಿದ್ದೆ. ಚಿಲಕ ಬಿಗಿ ಇದ್ದಿದ್ದು ಎಲ್ಲಿಂದ ಬಂತೋ.

ಇದಾದ ಮೇಲೆ ನೆನಪಿನ ಬಗ್ಗೆ ಸ್ವಲ್ಪ ಓದ್ದೆ. 1986ರ ಜನವರಿ 28ಕ್ಕೆ ಚಾಲೆಂಜರ್ ಗಗನನೌಕೆ ಸ್ಫೋಟ ಆಯ್ತಲ್ಲ, ಮಾರನೇ ದಿನ ಬೆಳಿಗ್ಗೆನೇ ಅಮೆರಿಕದ ಎಮೋರಿ ಯೂನಿವರ್ಸಿಟಿಯಲ್ಲಿ ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ ಮತ್ತೆ ಅವರ ಜೊತೆ ಕೆಲಸ ಮಾಡ್ತಿದ್ದ ನಿಕೋಲ್ ಹಾರ್ಶ್ 106 ವಿದ್ಯಾರ್ಥಿಗಳ ಕೈಲಿ ಬರೆಸಿಟ್ರು, ಸುದ್ದಿ ಕೇಳಿದಾಗ ಎಲ್ಲಿದ್ರಿ, ಯಾರು ಹೇಳಿದ್ರು, ಏನು ಮಾಡ್ತಿದ್ರಿ ಅಂತ. ಎರಡೂವರೆ ವರ್ಷ ದಾಟಿದ ಮೇಲೆ ಅದೇ ವಿದ್ಯಾರ್ಥಿಗಳಲ್ಲಿ 44 ಜನರನ್ನ ಮತ್ತೆ ಕೇಳಿದ್ರು. ಅವರಲ್ಲಿ ಕಾಲು ಭಾಗ ಜನ ಮುಖ್ಯ ವಿವರ ಎಲ್ಲಾ ತಪ್ಪು ಹೇಳಿದ್ರು, ಆದ್ರೂ ತುಂಬಾ ಜನಕ್ಕೆ ತಮ್ಮ ನೆನಪು ಸರಿ ಅಂತ ಗಟ್ಟಿ ನಂಬಿಕೆ ಇತ್ತು. ತಾವೇ ಬರೆದಿದ್ದ ಹಳೇ ಕಾಗದ ತೋರಿಸಿದ್ರೂ ಹೊಸ ನೆನಪನ್ನ ಬಿಡೋಕೆ ಕೆಲವರು ತಯಾರಿರ್ಲಿಲ್ಲವಂತೆ. ಅದನ್ನ ಓದಿದಾಗ ನಂಗೆ ಒಂದು ಕ್ಷಣ ಹಗುರ ಆಯ್ತು, ಓ ಇದು ಎಲ್ರಿಗೂ ಆಗೋದೇ ಅಂತ.

ಆದ್ರೆ ಆ ಹಗುರ ಜಾಸ್ತಿ ದಿನ ಉಳೀಲಿಲ್ಲ. ಯಾಕಂದ್ರೆ ಬರಹ ಮತ್ತೆ ಓದಿದಾಗ ನೆನಪಿನ ತಲೆಗೆ ಕಟ್ಟೋಕಾಗದ ಎರಡು ವಿಷಯ ಸಿಕ್ತು. ಹೊರಗೆ ಮಳೆ ಬರ್ತಿತ್ತು ಅಂತ ಬರೆದಿದ್ದೆ, ಆ ಮಳೆ ನಾನು ಬೇಕಂತ್ಲೇ ಸೇರಿಸಿದ್ದು, ಬರೀವಾಗ್ಲೇ ಗೊತ್ತಿತ್ತು. ಇದು ಚಿಕ್ಕದು. ದೊಡ್ಡದು ಏನಂದ್ರೆ, ಆ ರಾತ್ರಿಗೆ ಎರಡು ದಿನ ಮೊದಲೇ ನಾನು ಆಸ್ಪತ್ರೆಯಿಂದ ವಾಪಸ್ ಹೋಗಿದ್ದೆ. ಇನ್ನೂ ಎರಡು ದಿನ ಇರೋಕಾಗುತ್ತಾ ಅಂತ ಡಾಕ್ಟರ್ ಕೇಳಿದ್ರು, ಆಫೀಸಲ್ಲಿ ಕೆಲಸ ಇದೆ ಅಂತ ಹೇಳಿ ಹೋಗಿದ್ದೆ. ಇದು ಬರಹದಲ್ಲಿ ಎಲ್ಲೂ ಇರ್ಲಿಲ್ಲ. ಇದನ್ನ ಮರೆತಿದ್ದೆ ಅಂತ ಹೇಳೋಕೆ ನಂಗೆ ಬಾಯಿ ಬರೋದಿಲ್ಲ, ಯಾಕಂದ್ರೆ ಮರೆತಿರ್ಲಿಲ್ಲ. ಅಪ್ಪನ ಪಕ್ಕ ಕೂತ ಮಗ ನಾನು ಅಂತ ಬರೀಬೇಕಾದ್ರೆ ಅಪ್ಪನ್ನ ಬಿಟ್ಟು ಹೋದ ಮಗ ಆ ಬರಹದಲ್ಲಿ ಇರೋಕಾಗಲ್ಲ, ಅದಕ್ಕೆ ಬಿಟ್ಟಿದ್ದೆ. ಸ್ವಂತ ಬದುಕಿನ ಬಗ್ಗೆ ಬರೆಯೋರು ಹೇಳೋ ಸುಳ್ಳು ಹೆಚ್ಚಿನ ಸಲ ಇಂಥದ್ದೇ ಅಂತ ನಂಗೆ ಅನ್ಸುತ್ತೆ, ಇಲ್ಲದ್ದನ್ನ ಹುಟ್ಟಿಸೋದು ಕಮ್ಮಿ, ಇದ್ದದ್ದನ್ನ ಬಿಡೋದು ಜಾಸ್ತಿ. ಒಂದೊಂದು ವಾಕ್ಯವೂ ನಿಜ ಇದ್ರೂ ಒಟ್ಟಿಗೆ ಓದಿದಾಗ ಸುಳ್ಳಾಗಿರುತ್ತೆ.

ಗಾಂಧೀಜಿ ಆತ್ಮಕಥೆಯಲ್ಲಿ ಇದೇ ಜಾಗ ಇದೆ ಅಂತ ಆಗ ನೆನಪಾಯ್ತು, ತೆಗೆದು ಮತ್ತೆ ಓದ್ದೆ. 1885, ಅವರಿಗೆ ಹದಿನಾರು ವರ್ಷ, ತಂದೆಯ ಕಾಲು ಒತ್ತುತ್ತಾ ಕೂತಿರ್ತಾರೆ, ರಾತ್ರಿ ಚಿಕ್ಕಪ್ಪ ಬಂದು ನಾನು ನೋಡ್ಕೋತೀನಿ ಅಂದಾಗ ಎದ್ದು ಹೆಂಡತಿ ಇದ್ದ ಕೋಣೆಗೆ ಹೋಗ್ತಾರೆ, ಐದಾರು ನಿಮಿಷಕ್ಕೆ ಬಾಗಿಲು ಬಡಿದ ಸದ್ದು, ತಂದೆ ಹೋಗಿಬಿಟ್ಟಿರ್ತಾರೆ. ತಾನು ಅಲ್ಲಿರ್ಲಿಲ್ಲ, ಯಾಕೆ ಇರ್ಲಿಲ್ಲ, ಎರಡನ್ನೂ ಬರೀತಾರೆ, 1925ರಿಂದ ವಾರವಾರ ನವಜೀವನ ಪತ್ರಿಕೆಯಲ್ಲಿ ಬಂದ ಬರಹ ಅದು, ಅಂದ್ರೆ ಬಹಿರಂಗವಾಗಿ, ಎಲ್ರೂ ಓದೋ ಹಾಗೆ. ನಾನು ಬಿಟ್ಟಿದ್ದನ್ನ ಅವರು ಬಿಡ್ಲಿಲ್ಲ. ಅದನ್ನ ಓದಿ ತಲೆ ತಗ್ಗಿಸ್ದೆ.

ಆದ್ರೆ ಎರಡನೇ ಸಲ ಓದುವಾಗ ಇನ್ನೊಂದು ಕಂಡ್ತು. ಆ ಪುಟದಲ್ಲಿ ಕಸ್ತೂರಬಾ ಇದ್ದಾರೆ. ಅವರು ಆಗ ಗರ್ಭಿಣಿ ಅನ್ನೋದು ಇದೆ, ಆ ಮಗು ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ಉಳೀಲಿಲ್ಲ ಅನ್ನೋದೂ ಇದೆ. ಪತ್ರಿಕೆಯಲ್ಲಿ ಅದು ಬರುವಾಗ ಅವರು ಬದುಕಿದ್ರು. ಅವರ ಮಾತು ಮಾತ್ರ ಆ ಪುಟದಲ್ಲಿಲ್ಲ. ಗಾಂಧೀಜಿಯನ್ನ ತೂಗೋಕೆ ನಾನ್ಯಾರೂ ಅಲ್ಲ, ಆದ್ರೆ ನಂಗೆ ಅವತ್ತು ಗೊತ್ತಾಗಿದ್ದು ಇದು: ನನ್ನ ತಪ್ಪನ್ನ ನಾನು ಪೂರ್ತಿ ಒಪ್ಕೊಂಡ್ರೂ ಆ ಒಪ್ಪಿಗೆಯ ಒಳಗೆ ಇನ್ನೊಬ್ಬರ ಗುಟ್ಟು ಇರಬಹುದು, ಅದು ನಿಜವಾ ಅನ್ನೋದು ಒಂದು ಪ್ರಶ್ನೆ, ಅದನ್ನ ಹೇಳೋಕೆ ನಂಗೆ ಹಕ್ಕಿದೆಯಾ ಅನ್ನೋದು ಪೂರ್ತಿ ಬೇರೆ ಪ್ರಶ್ನೆ. ಇವೆರಡನ್ನ ನಾನು ಅಷ್ಟು ವರ್ಷ ಒಂದೇ ಅಂದ್ಕೊಂಡಿದ್ದೆ, ನಿಜ ಅಂದ್ರೆ ಮುಗೀತು, ಬರೀಬಹುದು ಅಂತ.

ಸರಿ, ಬರಹ ಏನು ಮಾಡೋದು? ಅಳಿಸೋದು ಸುಲಭ. ಸದ್ದಿಲ್ಲದೆ ತಿದ್ದಿಬಿಡೋದು ಇನ್ನೂ ಸುಲಭ, ಯಾರಿಗೂ ಗೊತ್ತಾಗಲ್ಲ. ಅಂದ್ಕೊಳ್ತೀವಿ ಅಷ್ಟೆ, 1996ರಲ್ಲಿ ಶುರುವಾದ ಇಂಟರ್ನೆಟ್ ಆರ್ಕೈವ್ ಇಂಥ ಪುಟಗಳ ಹಳೇ ಪ್ರತಿ ಇಟ್ಕೊಂಡೇ ಬಂದಿದೆ, 2001ರಿಂದ ಅದರ ವೇಬ್ಯಾಕ್ ಮಷೀನಲ್ಲಿ ಯಾರು ಬೇಕಾದ್ರೂ ಹೋಗಿ ನೋಡಬಹುದು. ನನ್ನ ಆ ಬರಹವೂ ಅಲ್ಲಿತ್ತು, ಮಳೆ ಸಮೇತ. ಆದ್ರೆ ಸಿಕ್ಕಿಬೀಳ್ತೀನಿ ಅನ್ನೋ ಭಯಕ್ಕಿಂತ ನಂಗೆ ಕಾಡಿದ್ದು ಎದ್ದು ಹೋಗಿ ಅಪ್ಪನ ಹತ್ರ ಕೂತ್ರಲ್ಲ, ಆ ಓದುಗರು. ಅವರು ನನ್ನ ನಂಬಿದ್ದು. ಪದ್ಯ ಕಥೆ ಬರೆಯೋರು ಮಳೆ ಸೇರಿಸಬಹುದು, ಓದೋರಿಗೂ ಅದು ಕಥೆ ಅಂತ ಗೊತ್ತಿರುತ್ತೆ. ನನ್ನ ಹೆಸರು ಹಾಕಿ, ನನ್ನ ಅಪ್ಪ ಅಂತ ಬರೆದಾಗ ಇದು ನಡೆದಿದ್ದು ಅಂತ ನಾನು ಮಾತು ಕೊಟ್ಟ ಹಾಗೆ. ಬರಹ ತೆಗೆದುಬಿಟ್ರೆ ಆ ಮಾತು ಮುರಿದಿದ್ದು ಅವರಿಗೆ ತಿಳಿಯೋದೇ ಇಲ್ಲ.

ರೆಬೆಕ್ಕಾ ಬ್ಲಡ್ ಅನ್ನೋರು 2002ರಲ್ಲೇ, ಜನ ಆನ್‌ಲೈನಲ್ಲಿ ಸ್ವಂತ ಬರಹ ಹಾಕೋದು ಇನ್ನೂ ಹೊಸದಾಗಿದ್ದಾಗ, ಇಂಥ ಬರಹಗಾರರಿಗೆ ಅಂತ ಆರು ನಿಯಮ ಬರೆದಿಟ್ರು. ನಿಜ ಅಂತ ನಂಬಿದ್ದನ್ನ ಮಾತ್ರ ನಿಜ ಅಂತ ಹೇಳಿ, ತಪ್ಪಾದ್ರೆ ಬಹಿರಂಗವಾಗಿ ತಿದ್ದಿ, ಹಾಕಿದ ಮೇಲೆ ಸೇರಿಸಬಹುದು ಆದ್ರೆ ಅಳಿಸಿ ಬೇರೆ ಬರೀಬೇಡಿ, ಸ್ವಹಿತ ಇದ್ರೆ ಹೇಳಿ, ಹೀಗೆ. ಅದ್ರಲ್ಲಿ ಸೇರಿಸಿ ಅಳಿಸಬೇಡಿ ಅನ್ನೋದನ್ನ ನಾನು ಹಿಡ್ಕೊಂಡೆ. ಬರಹದ ಮೇಲ್ಗಡೆನೇ, ಶೀರ್ಷಿಕೆ ಆದ ಕೂಡ್ಲೇ, ತಿದ್ದುಪಡಿ ಹಾಕೋದು ಅಂತ ತೀರ್ಮಾನ ಮಾಡ್ದೆ. ಕೆಳಗೆ ಹಾಕಿದ್ರೆ ಯಾರೂ ನೋಡಲ್ಲ, ನೋಡದ ಜಾಗದಲ್ಲಿ ತಿದ್ದೋದು ತಿದ್ದಿದ ಹಾಗಲ್ಲ.

ಮೊದಲು ಬರೆದ ತಿದ್ದುಪಡಿ ಎರಡು ಪುಟ ಆಗಿತ್ತು. ನಾನೆಷ್ಟು ನೊಂದಿದ್ದೀನಿ, ನೆನಪು ಹೇಗೆ ಮೋಸ ಮಾಡುತ್ತೆ, ನನ್ನ ಪಾಪಪ್ರಜ್ಞೆ, ಅಪ್ಪನ ಫೋಟೋ ನೋಡಿದಾಗ ಏನನ್ಸುತ್ತೆ, ಎಲ್ಲಾ ಇತ್ತು. ಹಾಕೋ ಮುಂಚೆ ಅಕ್ಕನಿಗೆ ಕಳಿಸಿದೆ. ಓದಿ ಫೋನ್ ಮಾಡಿದ್ಲು.

"ಇದೂ ನಿನ್ನ ಬಗ್ಗೆನೇ ಇದೆ" ಅಂದ್ಲು.

ನಿಜ. ಆ ಎರಡು ಪುಟದಲ್ಲಿ ಅಕ್ಕ ಹದಿನೆಂಟು ರಾತ್ರಿ ಆಸ್ಪತ್ರೆಯಲ್ಲಿ ಕಳೆದಿದ್ದು ಒಂದೇ ಒಂದು ಸಾಲಲ್ಲಿತ್ತು, ಅದೂ ನಾನೆಷ್ಟು ಕಳ್ಕೊಂಡೆ ಅಂತ ಹೇಳೋಕೆ. ತಪ್ಪೊಪ್ಪಿಗೆ ಬರೆಯೋದ್ರಲ್ಲಿ ಒಂದು ರುಚಿ ಇದೆ, ಎಷ್ಟು ಪ್ರಾಮಾಣಿಕ ಮನುಷ್ಯ ಅಂತ ಓದೋರು ಹೇಳ್ತಾರೆ, ಹಾಗೆ ಹೇಳಲಿ ಅಂತಾನೇ ಬರೀತಾ ಹೋಗ್ತೀವಿ, ಕೊನೆಗೆ ತಪ್ಪು ಮಾಡಿಸ್ಕೊಂಡೋರು ಬರಹದಿಂದ ಹೊರಗೆ ನಿಂತಿರ್ತಾರೆ. ಪೂರ್ತಿ ಕಿತ್ತು ಹಾಕಿ ನಾಲ್ಕು ವಾಕ್ಯ ಬರೆದೆ: ಕೆಳಗಿನ ಬರಹದಲ್ಲಿ ಆ ರಾತ್ರಿ ಅಪ್ಪನ ಜೊತೆ ನಾನಿದ್ದೆ ಅಂತ ಇದೆ, ಅದು ತಪ್ಪು. ಇದ್ದಿದ್ದು ನನ್ನ ಅಕ್ಕ, ಅಲ್ಲಿ ನಡೆದಿದ್ದು ಅವಳ ಅನುಭವ. ನಾನು ಎರಡು ದಿನ ಮೊದಲೇ ಕೆಲಸಕ್ಕೆ ವಾಪಸ್ ಹೋಗಿದ್ದೆ, ಮುಟ್ಟಿದ್ದು ಮಾರನೇ ದಿನ ಮಧ್ಯಾಹ್ನ. ಮಳೆಯ ವಿವರ ನಾನು ಸೇರಿಸಿದ್ದು. ದಿನಾಂಕ ಹಾಕ್ದೆ. ಅಷ್ಟೆ.

ಅಕ್ಕ ಇನ್ನೂ ಒಂದು ಕೇಳಿದ್ಲು. ಬರಹದ ಮಧ್ಯ ಅಪ್ಪ ನೋವಿನಲ್ಲಿ ಆಡಿದ ಎರಡು ಮಾತು ಇತ್ತು, ಅದು ಬೇಡ ಅಂದ್ಲು. ಅದು ಪೂರ್ತಿ ನಿಜ, ಆಗ ನಾನೂ ಅಲ್ಲಿದ್ದೆ, ಅದಕ್ಕೂ ಪುರಾವೆ ಇದೆ. "ನಿಜ ಅಂತ ಗೊತ್ತು ಕಣೋ, ಆದ್ರೆ ಅಪ್ಪ ಅದನ್ನ ಊರಿಗೆಲ್ಲ ಹೇಳೋಕೆ ನಮಗೆ ಹೇಳಿದ್ದಲ್ಲ" ಅಂದ್ಲು. ಸೇರಿಸಿ ಅಳಿಸಬೇಡಿ ಅನ್ನೋ ನಿಯಮ ಈಗಷ್ಟೇ ಹಿಡಿದಿದ್ದೆ, ಅದು ಇಲ್ಲಿಗೇ ಸೋತುಹೋಯ್ತು. ಎರಡು ದಿನ ಯೋಚನೆ ಮಾಡಿ ಆ ಸಾಲುಗಳನ್ನ ತೆಗೆದೆ, ಆ ಜಾಗದಲ್ಲಿ ಮನೆಯವರ ಮಾತಿನ ಮೇರೆಗೆ ಇಲ್ಲಿ ಎರಡು ಸಾಲು ತೆಗೆದಿದೆ ಅಂತ ಹಾಕ್ದೆ. ನನ್ನ ಮಾನ ಉಳಿಸ್ಕೊಳ್ಳೋಕೆ ಅಳಿಸೋದು ಬೇರೆ, ಇನ್ನೊಬ್ಬರ ಮಾನ ಉಳಿಸೋಕೆ ಅಳಿಸೋದು ಬೇರೆ ಅಂತ ನನ್ನ ಲೆಕ್ಕ. ಮೊದಲನೇದು ಮಾಡಲ್ಲ, ಎರಡನೇದು ಮಾಡ್ತೀನಿ, ಆದ್ರೆ ಗುಟ್ಟಾಗಿ ಅಲ್ಲ.

ಅಷ್ಟಕ್ಕೆ ಬಿಡೋಕಾಗ್ಲಿಲ್ಲ. ಈ ಒಂದ್ರಲ್ಲಿ ಇಷ್ಟಿದ್ರೆ ಉಳಿದಿದ್ರಲ್ಲಿ ಎಷ್ಟಿರಬೇಕು? ಅಲ್ಲಿವರೆಗೆ ಹಾಕಿದ್ದ 118 ಬರಹವನ್ನೂ ಒಂದೊಂದಾಗಿ ತೆಗೆದು ಪ್ರಿಂಟ್ ಮಾಡ್ಕೊಂಡು ಪೆನ್ ಹಿಡ್ಕೊಂಡು ಕೂತೆ, ನಾಲ್ಕು ತಿಂಗಳು ಹಿಡೀತು, ಹೆಚ್ಚು ಭಾನುವಾರಗಳೇ. ಪ್ರತಿ ವಾಕ್ಯದ ಪಕ್ಕ ಒಂದು ಅಕ್ಷರ, ನಾನೇ ನೋಡಿದ್ದಕ್ಕೆ "ನೋ", ಯಾರೋ ಹೇಳಿ ಕೇಳಿದ್ದಕ್ಕೆ "ಕೇ", ಊಹೆಗೆ "ಊ". ಮಾಡೋಕೆ ಶುರು ಮಾಡಿದಾಗ ಇದು ಸುಮ್ನೆ ಶಿಸ್ತಿನ ಕೆಲಸ ಅನ್ಸಿತ್ತು. ಹತ್ತನೇ ಬರಹಕ್ಕೆ ಬರೋ ಹೊತ್ತಿಗೆ ಹೊಟ್ಟೆ ಕಿವುಚೋಕೆ ಶುರುವಾಯ್ತು, ಯಾಕಂದ್ರೆ ಬೇರೆಯವರ ಮನಸ್ಸಿನ ಬಗ್ಗೆ ನಾನು ಬರೆದಿದ್ದೆಲ್ಲ ಊಹೆ, ಆದ್ರೆ ಬರೆದಿರೋ ರೀತಿ ನೋಡಿದ ಹಾಗೆ. "ಅವನಿಗೆ ಹೊಟ್ಟೆಕಿಚ್ಚು", "ಅವಳಿಗೆ ಆಗ್ಲೇ ಗೊತ್ತಿತ್ತು", "ಅವರು ಬೇಕಂತ್ಲೇ ಸುಮ್ಮನಿದ್ರು". ಅವನು ಏನು ಮಾಡ್ದ ಅನ್ನೋದು ಮಾತ್ರ ನಾನು ನೋಡಿದ್ದು. ಹೊಟ್ಟೆಕಿಚ್ಚು ನಾನು ಇಟ್ಟಿದ್ದು.

ಇನ್ನೊಂದು, ಮಾತುಗಳು. ಕೊಟೇಶನ್ ಚಿಹ್ನೆ ಒಳಗೆ ಹಾಕಿಬಿಟ್ರೆ ಓದೋರು ಅದನ್ನ ಇದ್ದ ಹಾಗೇ ಆಡಿದ ಮಾತು ಅಂತ ತಗೋತಾರೆ. ಇಪ್ಪತ್ತು ವರ್ಷದ ಹಿಂದಿನ ಮಾತನ್ನ ಶಬ್ದ ಶಬ್ದ ನೆನಪಿಟ್ಟೋರು ಯಾರು? ಈಗ ಅದೇ ದಿನ ಎಲ್ಲಾದ್ರೂ ಬರೆದಿಟ್ಟಿದ್ರೆ, ಇಲ್ಲಾ ಮೆಸೇಜ್ ಇದ್ರೆ, ಇಲ್ಲಾ ಆಡಿದೋರೇ ಓದಿ ಹೌದು ಅಂದ್ರೆ ಮಾತ್ರ ಚಿಹ್ನೆ ಹಾಕ್ತೀನಿ. ಇಲ್ಲಾಂದ್ರೆ ಹೀಗೆ ಏನೋ ಅಂದ್ರು ಅಂತ ಬರೀತೀನಿ. ಓದೋಕೆ ಸ್ವಲ್ಪ ಸಪ್ಪೆ ಆಗುತ್ತೆ, ಆಗ್ಲಿ. ಈ ಬರಹದಲ್ಲಿ ಅಕ್ಕ ಆಡಿದ ಮಾತುಗಳನ್ನೆಲ್ಲ ಅವಳೇ ಓದಿ ಹೌದು ಅಂದಿದ್ದಾಳೆ.

ಆ ನಾಲ್ಕು ತಿಂಗಳಲ್ಲಿ ಸಿಕ್ಕಿದ್ರಲ್ಲಿ ಕೆಟ್ಟದ್ದು ಅಂದ್ರೆ ತಲೆನೋವಿನ ಬರಹ. ನಂಗೆ ಮೈಗ್ರೇನ್ ಇದೆ, ಹದಿನೈದು ವರ್ಷದಿಂದ. ರಾತ್ರಿ ಒಂಬತ್ತರ ಮೇಲೆ ಸ್ಕ್ರೀನ್ ನೋಡೋದು ಬಿಟ್ಟು, ದಿನಾ ಒಂದೇ ಹೊತ್ತಿಗೆ ಮಲಗಿ ಎದ್ದು, ನಡೆದು, ಮೂರು ತಿಂಗಳಲ್ಲಿ ತಲೆನೋವು ಹೇಗೆ ಕಮ್ಮಿ ಆಯ್ತು ಅಂತ ಬರೆದಿದ್ದೆ. ಎಲ್ಲಾ ನಿಜ, ಪ್ರತಿ ವಾಕ್ಯಕ್ಕೂ "ನೋ" ಹಾಕಬಹುದು. ಬಿಟ್ಟಿದ್ದು ಏನು ಅಂದ್ರೆ, ಆ ಮೂರೂ ತಿಂಗಳು ನಾನು ಡಾಕ್ಟರ್ ಬರೆದುಕೊಟ್ಟ ಪ್ರೊಪ್ರನೊಲೋಲ್ ಮಾತ್ರೆ ದಿನಾ ತಗೋತಿದ್ದೆ. ತಲೆನೋವು ಬರದ ಹಾಗೆ ತಡೆಯೋ ಮಾತ್ರೆಗಳು ಅವು, ಕೆಲಸ ಮಾಡೋಕೆ ಕೆಲವು ವಾರದಿಂದ ಎರಡು ಮೂರು ತಿಂಗಳು ತಗೊಳ್ತವೆ, ಅಂದ್ರೆ ನನ್ನ ತಲೆನೋವು ಕಮ್ಮಿ ಆಗಿದ್ದು ಸರಿಯಾಗಿ ಅವು ಕೆಲಸ ಮಾಡೋ ಹೊತ್ತಿಗೆ. ಯಾಕೆ ಬರೀಲಿಲ್ಲ? ಮಾತ್ರೆ ತಗೊಂಡೆ ವಾಸಿ ಆಯ್ತು ಅಂದ್ರೆ ಅದ್ರಲ್ಲಿ ನನ್ನ ಸಾಧನೆ ಏನಿದೆ, ಅದಕ್ಕೆ.

ಒಬ್ರು ಓದಿ ನಂಗೆ ಬರೆದ್ರು, ನಿಮ್ಮ ಬರಹ ಓದಿ ಧೈರ್ಯ ಬಂತು, ನಾನೂ ಮಾತ್ರೆ ನಿಲ್ಲಿಸಿ ನಿಮ್ಮ ಹಾಗೇ ಮಾಡ್ತಿದ್ದೀನಿ ಅಂತ. ಯಾವ ಮಾತ್ರೆ ಅಂತ ಬರೆದಿರ್ಲಿಲ್ಲ. ಪ್ರೊಪ್ರನೊಲೋಲ್ ಥರದ ಮಾತ್ರೆನ ತಟ್ಟನೆ ನಿಲ್ಲಿಸಬಾರ್ದು, ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು, ಹೃದಯಕ್ಕೆ ತೊಂದರೆ ಇರೋರಿಗಂತೂ ಅಪಾಯ. ಆ ಮೆಸೇಜ್ ಓದಿ ನಂಗೆ ಕೈ ಕಾಲು ಬಿದ್ದುಹೋದ ಹಾಗಾಯ್ತು. ತಕ್ಷಣ ಉತ್ತರ ಬರೆದೆ, ನಾನು ಮಾತ್ರೆ ತಗೋತಿದ್ದೆ, ಅದನ್ನ ಬರೀಲಿಲ್ಲ, ದಯವಿಟ್ಟು ಇವತ್ತೇ ನಿಮ್ಮ ಡಾಕ್ಟರ್ ಹತ್ರ ಮಾತಾಡಿ ಅಂತ. ಹನ್ನೊಂದು ದಿನ ಆದ್ಮೇಲೆ ಅವರ ಉತ್ತರ ಬಂತು, ಡಾಕ್ಟರ್ ನೋಡಿದ್ರು, ಮತ್ತೆ ಶುರು ಮಾಡಿದ್ದೀನಿ, ಪರವಾಗಿಲ್ಲ ಅಂತ. ಆ ಹನ್ನೊಂದು ದಿನ ನಾನು ಸರಿಯಾಗಿ ನಿದ್ದೆ ಮಾಡ್ಲಿಲ್ಲ. ಆ ಬರಹದ ಮೇಲೆ ದಪ್ಪಕ್ಷರದಲ್ಲಿ ತಿದ್ದುಪಡಿ ಇದೆ. ಆರೋಗ್ಯದ ಬಗ್ಗೆ ಬರೆದ್ರೆ ಈಗ ಅದೇ ಹೊತ್ತಲ್ಲಿ ನನ್ನ ಬದುಕಲ್ಲಿ ಬೇರೆ ಏನೇನು ಬದಲಾಗಿತ್ತು ಅನ್ನೋದನ್ನ ಪೂರ್ತಿ ಪಟ್ಟಿ ಕೊಟ್ಟೇ ಬರೀತೀನಿ. ಇದು ನನ್ನ ಅನುಭವ ಅಷ್ಟೇ ಅಂತ ಕೊನೇಲಿ ಒಂದು ಸಾಲು ಹಾಕಿದ್ರೆ ಸಾಕು ಅನ್ನೋರಿಗೆ ನಾನು ಹೇಳೋದು, ಆ ಸಾಲು ನನ್ನ ಬರಹದಲ್ಲೂ ಇತ್ತು.

ಪುಕ್ಕಟೆ ಬಂದ ವಸ್ತುವಿನ ವಿಷಯ ಬೇಗ ಹೇಳಿ ಮುಗಿಸ್ತೀನಿ. ಒಂದು ಕಂಪನಿ ಹೆಡ್‌ಫೋನ್ ಕಳಿಸಿತ್ತು, ವಾಪಸ್ ಬೇಡ ಅಂದಿದ್ರು, ಹೊಗಳಿ ಅಂತಾನೂ ಅಂದಿರ್ಲಿಲ್ಲ. ನಾನು ಇಷ್ಟ ಆಗಿದ್ದಕ್ಕೇ ಚೆನ್ನಾಗಿದೆ ಅಂತ ಬರೆದೆ, ಕಳಿಸಿದ್ದು ಅಂತ ಬರೀಲಿಲ್ಲ, ದುಡ್ಡು ತಗೊಂಡಿಲ್ವಲ್ಲ ಅಂತ. ಮತ್ತೆ ಓದಿದಾಗ ನೋಡಿದ್ರೆ ಕಿವಿ ನೋಯುತ್ತೆ ಅನ್ನೋ ದೂರು ಕೊನೇ ಪ್ಯಾರಾದ ಕೊನೇ ಸಾಲಲ್ಲಿದೆ. ನಾನೇ ದುಡ್ಡು ಕೊಟ್ಟು ತಂದಿದ್ರೆ ಅದು ಮೊದಲನೇ ಸಾಲಲ್ಲಿ ಇರ್ತಿತ್ತು. ಯಾರೂ ಕೇಳದೇನೇ ನನ್ನ ಕೈ ತಾನಾಗೇ ಬಾಗಿತ್ತು. ಕಾನೂನೂ ಇದನ್ನೇ ಹೇಳುತ್ತೆ, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲೇ ಸ್ವಂತವಾಗಿ ಆನ್‌ಲೈನಲ್ಲಿ ಬರೆಯೋರೂ ಇಂಥದ್ದನ್ನ ಹೇಳ್ಬೇಕು ಅಂತ ತನ್ನ ಮಾರ್ಗಸೂಚಿಗೆ ಸೇರಿಸ್ತು, ಭಾರತದಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ದುಡ್ಡು ಒಂದೇ ಅಲ್ಲ, ಪುಕ್ಕಟೆ ವಸ್ತು, ಡಿಸ್ಕೌಂಟ್, ಪ್ರವಾಸ, ಬಳಗದ ಸಂಬಂಧ ಎಲ್ಲಾನೂ ಹೇಳ್ಬೇಕು, ಬರಹ ಯಾವ ಭಾಷೆಯಲ್ಲಿದ್ಯೋ ಅದೇ ಭಾಷೆಯಲ್ಲಿ ಓದೋರ ಕಣ್ಣಿಗೆ ಬೀಳೋ ಹಾಗೆ ಹೇಳ್ಬೇಕು ಅಂತ ಇದೆ. ಈಗ ಅದು ನನ್ನ ಮೊದಲನೇ ವಾಕ್ಯ. ಆಮೇಲೆ ವಸ್ತು ಕಳಿಸೋರೂ ಕಮ್ಮಿ ಆದ್ರು.

ಗೆಳೆಯನೊಬ್ಬನ ಸಂಸಾರ ಮುರಿದ ಬಗ್ಗೆ ಬರೆದಿದ್ದೆ, ಹೆಸರು ಬದಲಾಯಿಸಿ, ಕೆಲಸ ಬದಲಾಯಿಸಿ. ಹೆಸರು ಬದಲಾಯಿಸಿದ್ರೆ ಗೊತ್ತಿಲ್ಲದೋರಿಗೆ ಗೊತ್ತಾಗಲ್ಲ, ಆದ್ರೆ ಗೊತ್ತಿಲ್ಲದೋರಿಂದ ಅವನಿಗೆ ಏನೂ ಆಗ್ಬೇಕಾಗಿರ್ಲಿಲ್ಲ. ಗೊತ್ತಿದ್ದೋರೆಲ್ಲ ಎರಡನೇ ಪ್ಯಾರಾದಲ್ಲೇ ಗುರುತು ಹಿಡಿದ್ರು, ಅವನ ಹೆಂಡತಿಯ ಕಡೆಯವರೂ. ನನ್ನ ಹತ್ರ ಒಂದು ರಾತ್ರಿ ಅತ್ತು ಹೇಳ್ಕೊಂಡಿದ್ದನ್ನ ನಾನು ಸಂಬಂಧಗಳ ಸೂಕ್ಷ್ಮ ಅಂತ ಹೆಸರಿಟ್ಟು ಬರಹ ಮಾಡಿದ್ದೆ. ಈ ಒಂದನ್ನ ಪೂರ್ತಿ ತೆಗೆದೆ, ತಿದ್ದುಪಡಿ ಗಿದ್ದುಪಡಿ ಏನೂ ಇಲ್ಲ, ತಿದ್ದುಪಡಿ ಹಾಕಿದ್ರೆ ಮತ್ತೊಂದು ಸಲ ಎಲ್ರೂ ಅವನ ಕಡೆ ತಿರುಗಿ ನೋಡ್ತಾರೆ. ಹೋಗಿ ಕ್ಷಮೆ ಕೇಳಿದೆ. ಅವನು ಮಾತಾಡ್ತಾನೆ, ಮೊದಲಿನ ಹಾಗಲ್ಲ. ನನ್ನ ಮುಂದೆ ಏನಾದ್ರೂ ಹೇಳುವಾಗ ಈಗ ಒಂದು ಸಲ ನಿಲ್ತಾನೆ, ಅದು ನಂಗೆ ಕಾಣುತ್ತೆ.

ಕೆಲಸದ ಜಾಗದ ಬಗ್ಗೆ ಬರೆಯೋದನ್ನ ಅದೇ ವರ್ಷ ಬಿಟ್ಟೆ. 2002ರಲ್ಲಿ ಹೆದರ್ ಆರ್ಮ್‌ಸ್ಟ್ರಾಂಗ್ ಅನ್ನೋ ಅಮೆರಿಕದ ಹೆಣ್ಣುಮಗಳು ತನ್ನ ಸೈಟಲ್ಲಿ ಜೊತೆ ಕೆಲಸ ಮಾಡೋರ ಬಗ್ಗೆ ಬರೆದು ಕೆಲಸ ಕಳ್ಕೊಂಡ್ರು, ಹಾಗೆ ಕೆಲಸ ಹೋಗೋದಕ್ಕೆ ಇಂಗ್ಲಿಷಲ್ಲಿ ಅವರ ಸೈಟಿನ ಹೆಸರಿಂದಾನೇ ಒಂದು ಪದ ಹುಟ್ಟಿತು. ನಾನು ಬಿಟ್ಟಿದ್ದು ಕೆಲಸ ಹೋಗುತ್ತೆ ಅಂತಲ್ಲ. ನನ್ನ ಕೈ ಕೆಳಗೆ ಇಬ್ರು ಹುಡುಗರು ಸೇರಿದ್ರು, ಅವರ ಬಗ್ಗೆ ನಾನು ಬರೆದ್ರೆ ಅವರು ನಂಗೆ ಉತ್ತರ ಬರೆಯೋಕಾಗಲ್ಲ. ನನಗಿಂತ ಮೇಲಿರೋರ ಅನ್ಯಾಯದ ಬಗ್ಗೆ ಬರೆಯೋದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ, ಅದನ್ನ ಬೇಕಾದ್ರೆ ಇವತ್ತೂ ಬರೀತೀನಿ, ದಾಖಲೆ ಇದ್ರೆ.

ಮಗಳ ವಿಷಯಕ್ಕೆ ಬರ್ತೀನಿ. ಅವಳು ಹುಟ್ಟಿದಾಗಿಂದ ಅವಳ ಬಗ್ಗೆ ಬರೆದಿದ್ದೆ, ಮೊದಲ ಮಾತು, ಹಟ, ಹಾಸಿಗೆ ಒದ್ದೆ ಮಾಡ್ಕೊಂಡಿದ್ದು ಕೂಡ, ಪ್ರೀತಿಯಿಂದಾನೇ ಬರೆದಿದ್ದು. ಒಂಬತ್ತು ವರ್ಷ ಆದಾಗ ಅವಳೇ ಓದೋಕೆ ಕಲಿತು, ನನ್ನ ಹೆಸರು ಹುಡುಕಿ, ಎಲ್ಲಾ ಓದಿದ್ಲು. ನನ್ನ ಹತ್ರ ಬಂದು, "ಅಪ್ಪಾ, ಇದನ್ನ ನಮ್ಮ ಕ್ಲಾಸಿನೋರು ಓದಬಹುದಾ?" ಅಂತ ಕೇಳಿದ್ಲು. ಓದಬಹುದು ಅಂದೆ. ಏನೂ ಮಾತಾಡದೆ ಹೋದ್ಲು. ಅವತ್ತು ರಾತ್ರಿನೇ ಅವಳಿದ್ದ ಮೂವತ್ತೊಂದು ಬರಹ ತೆಗೆದೆ, ಅವಳ ಜೊತೆ ಕೂತು, ಅವಳು ಒಂದೊಂದಾಗಿ ಹೇಳ್ತಾ ಹೋದ್ಲು, ಇದು ಬೇಡ, ಇದು ಇರ್ಲಿ. ಎರಡು ಉಳೀತು, ಅವಳು ಸೈಕಲ್ ಕಲಿತಿದ್ದು ಒಂದು, ಇನ್ನೊಂದು ಅವಳು ನಂಗೆ ಈಜು ಕಲಿಸೋಕೆ ನೋಡಿದ್ದು. ಫ್ರಾನ್ಸಲ್ಲಿ 2024ರ ಫೆಬ್ರವರಿಯಲ್ಲಿ ಒಂದು ಕಾನೂನು ಬಂತು, ಮಗುವಿನ ಚಿತ್ರದ ಮೇಲೆ ಮಗುವಿಗಿರೋ ಹಕ್ಕನ್ನ ತಂದೆ ತಾಯಿ ಇಬ್ರೂ ಸೇರಿ ಕಾಯಬೇಕು, ವಯಸ್ಸಿಗೆ ತಕ್ಕ ಹಾಗೆ ಮಗುವನ್ನೂ ಕೇಳ್ಬೇಕು ಅಂತ. ಅದು ಚಿತ್ರಕ್ಕೆ. ಮಾತಿನಲ್ಲಿ ಬರೆದ ಚಿತ್ರಕ್ಕೂ ಅದೇ ಸಲ್ಲುತ್ತೆ ಅಂತ ನಾನು ನಂಬ್ತೀನಿ. ಈ ಪ್ಯಾರಾವನ್ನೂ ಅವಳಿಗೆ ತೋರಿಸಿದೆ. ಹಾಸಿಗೆ ವಿಷಯ ಇರ್ಲಿ ಅಪ್ಪಾ, ಆಗ ನಾನು ಚಿಕ್ಕವಳು ತಾನೆ ಅಂದ್ಲು.

ಇಷ್ಟೆಲ್ಲಾ ಮಾಡಿದ ಮೇಲೆ ಬರೆಯೋದು ನಿಧಾನ ಆಗಿದೆ. ಮೊದಲು ತಿಂಗಳಿಗೆ ಎರಡು ಮೂರು ಬರ್ತಿತ್ತು, ಈಗ ವರ್ಷಕ್ಕೆ ಐದೋ ಆರೋ. ಸಿಟ್ಟಲ್ಲಿ ಬರೆದಿದ್ದನ್ನ ಕಮ್ಮಿ ಅಂದ್ರೆ ಹತ್ತು ದಿನ ಹಾಕಲ್ಲ, ಹತ್ತು ದಿನದಲ್ಲಿ ಹೆಚ್ಚಿನವು ತಾವೇ ಸಾಯ್ತವೆ. ಬರಹದಲ್ಲಿ ಯಾರಿದ್ದಾರೋ ಅವರಿಗೆ ಮೊದಲು ಕಳಿಸ್ತೀನಿ, ಒಪ್ಪಿಗೆ ಕೊಡಿ ಅಂತ ಕೇಳೋ ಬದಲು ಇದ್ರಲ್ಲಿ ಏನು ತಪ್ಪಿದೆ, ಏನು ಬೇಡ ಅಂತ ಕೇಳ್ತೀನಿ, ಯಾಕಂದ್ರೆ ಒಪ್ಪಿಗೆ ಕೊಡಿ ಅಂದ್ರೆ ದಾಕ್ಷಿಣ್ಯಕ್ಕೆ ಹೂಂ ಅಂದುಬಿಡ್ತಾರೆ. ತೀರಿಕೊಂಡೋರ ಬಗ್ಗೆ ಆದ್ರೆ ಅವರನ್ನ ನನಗಿಂತ ಹತ್ತಿರದಿಂದ ನೋಡ್ಕೊಂಡೋರಿಗೆ ಕಳಿಸ್ತೀನಿ. ಇದರಿಂದ ಬರಹ ಸಪ್ಪೆ ಆಗಲ್ವಾ ಅಂತ ಒಬ್ಬ ಗೆಳೆಯ ಕೇಳಿದ್ದ. ಕೆಲವು ಆಗಿವೆ, ನಿಜ. ಆದ್ರೆ ಅಕ್ಕನಿಗೆ ಕಳಿಸಿದ್ದರಿಂದ ನಂಗೆ ಸಿಕ್ಕ ವಿವರಗಳನ್ನ ನಾನು ಜನ್ಮದಲ್ಲಿ ಊಹಿಸ್ತಿರ್ಲಿಲ್ಲ. ಕಿಟಕಿಯ ವಿಷಯಾನೇ ತಗೊಳ್ಳಿ. ಅಪ್ಪ ಆ ರಾತ್ರಿ ಒಂದು ಸಲ ಅಲ್ಲ, ಐದು ಸಲ ಕಿಟಕಿ ಮುಚ್ಚು ಅಂದಿದ್ರಂತೆ, ಐದು ಸಲವೂ ಅವಳು ಎದ್ದು ಹೋಗಿದ್ದಾಳೆ, ಐದನೇ ಸಲ ಅವಳಿಗೆ ಸಿಟ್ಟು ಬಂದು ಮುಚ್ಚಿದೆಯಲ್ಲಪ್ಪಾ ಅಂತ ಜೋರಾಗಿ ಹೇಳಿಬಿಟ್ಟಿದ್ದಾಳೆ, ಆಮೇಲೆ ಅಪ್ಪ ಕೇಳ್ಲೇ ಇಲ್ಲ. ಮೆಸೇಜಲ್ಲಿ ಅವಳು ಅದನ್ನ ಬರೆದಿರ್ಲಿಲ್ಲ. ಏಳು ವರ್ಷ ಅದನ್ನ ಯಾರಿಗೂ ಹೇಳಿರ್ಲಿಲ್ಲ.

ಇದನ್ನ ಬರೀಬಹುದಾ ಅಂತ ಕೇಳಿದೆ. ಈಗ ಬೇಡ ಅಂದ್ಲು. ಎರಡು ವರ್ಷ ಆದ್ಮೇಲೆ, ಹೋದ ತಿಂಗಳು, ಅವಳೇ ಫೋನ್ ಮಾಡಿ ಬರೀ ಅಂದ್ಲು, ಆದ್ರೆ ನೀನು ಹೇಳಿದ ಹಾಗೆ ಬೇಡ, ನಾನು ಹೇಳಿದ ಹಾಗೆ ಬರೀ ಅಂದ್ಲು. ಅವಳು ಹೇಳಿದ್ದನ್ನ ಹೇಳಿದ ಹಾಗೇ ಬರ್ಕೊಂಡು ಓದಿ ತೋರಿಸಿದೆ. ಒಂದು ಕಡೆ "ಸಿಟ್ಟು" ಅಂತ ಇದ್ದಿದ್ದನ್ನ "ಸುಸ್ತು" ಅಂತ ಬರೀಲಾ ಅಂತ ನಾನೇ ಕೇಳಿದೆ.

"ಸಿಟ್ಟೇ ಕಣೋ" ಅಂದ್ಲು.